ಹಗೇವು ತೆರೆದ ದಿನ

ಹೋದ ತಿಂಗಳು ಧಾರವಾಡದ ನಮ್ಮ ಓಣಿಯ ತುದಿಯಲ್ಲಿದ್ದ ಹಳೆಯ ವಾಡೆಯನ್ನು ಕೆಡವಿದರು. ಅಂಗಳ ಅಗೆಯುವಾಗ ಗುದ್ದಲಿ ಕಲ್ಲಿಗೆ ಬಡಿದು ಟೊಳ್ಳು ಸಪ್ಪಳ ಬಂತಂತೆ. ಹಾಸುಗಲ್ಲು ಮೀಟಿ ಸರಿಸಿದರೆ ಕೆಳಗೆ ಹಗೇವು. ನಾನು ಕಾಯಿಪಲ್ಯದ ಚೀಲ ಹಿಡಿದು ಸಂತೆಯಿಂದ ಬರುತ್ತಿದ್ದೆ. ಮುಗ್ಗಿದ ಜೋಳದ ಹುಳಿ ವಾಸನೆ ಓಣಿಯ ನಡುವೆಯೇ ಮೂಗಿಗೆ ಬಡಿಯಿತು. ನೋಡಿದರೆ ಒಬ್ಬ ಆಳು ಧೋತರ ಮೇಲೆ ಕಟ್ಟಿ ಒಳಗೆ ಇಳಿಯಲು ಕಾಲು ಇಟ್ಟಿದ್ದ. ನಾನು ಹೇಗೆ ಕೂಗಿದೆನೋ ನನಗೇ ಗೊತ್ತಿಲ್ಲ.

"ಏ, ಇಳೀಬ್ಯಾಡ! ಮ್ಯಾಲ ಬಾ!"

"ಯಾಕ್ರಿ ಅಜ್ಜಿ, ಒಳಗ ನಿಮ್ಮ ಬಂಗಾರ ಐತೇನ್ರಿ?" ಎಂದು ಅವನು ನಕ್ಕ. ಉಳಿದವರೂ ನಕ್ಕರು. ನಾನು ನಗಲಿಲ್ಲ. ಜೀವಮಾನವೆಲ್ಲ ಸಾಲಿಯಲ್ಲಿ ಹುಡುಗರನ್ನು ಗದರಿಸಿದ ದನಿ ನನ್ನದು. ಅದಕ್ಕೆ ಅವನು ಮೇಲೆ ಬಂದ. ಮರುದಿನದವರೆಗೆ ಯಾರೂ ಇಳಿಯುವುದಿಲ್ಲ ಎಂದು ಮೇಸ್ತ್ರಿಯ ಬಾಯಿಂದ ಮಾತು ತೆಗೆದುಕೊಂಡು ಮನೆಗೆ ಬಂದೆ. ಬಂದವಳು ಒಲೆ ಹೊತ್ತಿಸಲಿಲ್ಲ. ಐವತ್ತು ವರ್ಷ ಯಾರ ಮುಂದೆಯೂ ಆಡದ ಮಾತು ಅಂದಿನಿಂದ ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈಗಿನ ಮಕ್ಕಳಿಗೆ ಹಗೇವು ಎಂದರೆ ತಿಳಿಯದು. ನೆಲದೊಳಗೆ ಎರಡಾಳು ಆಳ ತೋಡಿ, ಒಳಮೈಗೆ ಒಣಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಏರಿಸುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ದೊಡ್ಡದು. ನನ್ನ ಗಂಡನ ಮನೆಯ ಹಗೇವು ಕಟ್ಟೆಯ ಮುಂದೆಯೇ ಇತ್ತು. ಊರು ಹೆಬ್ಬಳ್ಳಿಯ ಆಚೆ, ಎರೆ ಹೊಲಗಳ ನಡುವೆ. ಹೆಸರು ಬರೆಯುವುದಿಲ್ಲ, ನಮ್ಮವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲಿ ಬಾಳುತ್ತಿದ್ದಾರೆ.

ನಾನು ಹುಬ್ಬಳ್ಳಿಯ ಹುಡುಗಿ. ಅಪ್ಪ ಹತ್ತಿಯ ಗಿರಣಿಯಲ್ಲಿ ಕೆಲಸಕ್ಕಿದ್ದ. ನನಗೆ ಕನ್ನಡ ಐದನೆಯ ಇಯತ್ತೆಯವರೆಗೆ ಓದಿಸಿ, ಹದಿನೇಳಕ್ಕೆ ಆ ಊರಿಗೆ ಕೊಟ್ಟ. ಮನೆಯಲ್ಲಿ ಅತ್ತೆ ಕಲ್ಲವ್ವ, ಭಾವ ರುದ್ರಪ್ಪ, ಅವನ ಹೆಂಡತಿ ಮಕ್ಕಳು, ನನ್ನ ಗಂಡ ಈರಪ್ಪ. ಗಂಡನ ಹೆಸರು ಬರೆದೆ ನೋಡಿ. ಆಗ ಬಾಯಿಬಿಟ್ಟು ಹೇಳಿದ್ದರೆ ಓಣಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮಾವ ಸತ್ತ ಮೇಲೆ ಅತ್ತೆಯೇ ಹೊಲಮನೆ ಎರಡನ್ನೂ ನಡೆಸಿದವಳು. ಮಾತು ಕಡಿಮೆ. ಹೇಳಿದ್ದನ್ನು ಎರಡನೆಯ ಸಲ ಹೇಳುವ ರೂಢಿ ಇರಲಿಲ್ಲ. ನನಗೆ ಅವಳನ್ನು ಕಂಡರೆ ಅಂಜಿಕೆ.

ಪ್ಲೇಗು ನಮ್ಮ ಸೀಮೆಯಲ್ಲಿ ಆಗ ಹೊಸದೇನಲ್ಲ. ಬರುತ್ತಿತ್ತು, ಹೋಗುತ್ತಿತ್ತು. ಹೋದಾಗ ಒಂದಿಷ್ಟು ಮಂದಿಯನ್ನು ಕರೆದುಕೊಂಡು ಹೋಗುತ್ತಿತ್ತು. ನಾನು ಹೇಳುತ್ತಿರುವುದು ಅದರ ಕಡೆಕಡೆಯ ವರ್ಷಗಳಲ್ಲೊಂದು, ಇಪ್ಪತ್ತರ ದಶಕ ಮುಗಿಯುತ್ತ ಬಂದಾಗಿನದು. ಶ್ರಾವಣದ ಕೊನೆಗೆ ದನದ ಕೊಟ್ಟಿಗೆಯಲ್ಲಿ ಇಲಿ ಸತ್ತು ಬಿದ್ದವು. ಒಂದು ಮನೆಯಲ್ಲಿ ಇಲಿ ಬಿತ್ತೆಂದರೆ ಊರಿಗೆ ಊರೇ ಗಂಟು ಕಟ್ಟಬೇಕು. ಮೂರು ದಿನದಲ್ಲಿ ಎಲ್ಲರೂ ತಮ್ಮ ತಮ್ಮ ಹೊಲಗಳಲ್ಲಿ ಒಣಗಿದ ಜೋಳದ ದಂಟಿನ, ಕಣಿಕೆಯ ಗುಡಿಸಲು ಹಾಕಿಕೊಂಡರು. ಹೊರಡುವ ದಿನ ಅತ್ತೆ ಬಾಗಿಲಿಗೆ ಕೀಲಿ ಹಾಕಲಿಲ್ಲ. "ಮನಿಗಿ ಕೀಲಿ ಹಾಕಿದ್ರ ನಾವು ತಿರುಗಿ ಬರೂದಿಲ್ಲ ಅಂದಂಗ ಆಕ್ಕೈತಿ" ಎಂದು ಬರೀ ಅಗಳಿ ಸರಿಸಿ ಬಂದಳು.

ಗುಡಿಸಲಿನ ಬದುಕು ಮೊದಲ ಹದಿನೈದು ದಿನ ಹಬ್ಬದ ಹಾಗೆ ಇತ್ತು. ಆಮೇಲೆ ಹಿಂಗಾರಿ ಮಳೆ ಹಿಡಿಯಿತು. ಎರೆಮಣ್ಣು ಕಾಲಿಗೆ ಅಂಟಿ ಒಂದೊಂದು ಹೆಜ್ಜೆಗೂ ಸೇರಿನಷ್ಟು ಭಾರ. ಒಲೆ ಹತ್ತುತ್ತಿರಲಿಲ್ಲ. ಕಣಿಕೆಯ ಗೋಡೆ ನೆನೆದು ಕೊಳೆಯತೊಡಗಿತು. ಮಳೆ ಜೋರಾದ ದಿನವೆಲ್ಲ ಅತ್ತೆ ಊರಿನ ಕಡೆ ನೋಡುತ್ತ ಕೂಡುತ್ತಿದ್ದಳು. ಅವಳ ಚಿಂತೆ ಹಗೇವಿನದು. ಊರಲ್ಲಿ ಮಂದಿ ಇದ್ದರೆ ಮಳೆ ನಿಂತ ಕೂಡಲೇ ಅದರ ಬಾಯಿಗೆ ಹೊಸ ಮಣ್ಣು ಏರಿಸಿ ತುಳಿಯುತ್ತಿದ್ದರು. ಊರಿಗೆ ಹೋಗಬಾರದೆಂದು ಗೌಡರ ಕಟ್ಟಪ್ಪಣೆ ಇತ್ತು. ಒಬ್ಬ ಹೋಗಿ ಬಂದರೂ ಬ್ಯಾನಿ ಬೆನ್ನಿಗೆ ಹತ್ತಿಕೊಂಡು ಬರುತ್ತದೆಂಬ ಭಯ.

ಕೆಲಸವಿಲ್ಲದ ಆ ದಿನಗಳಲ್ಲಿ ಈರಪ್ಪ ನನ್ನ ಕಡೆಯಿಂದ ಅಕ್ಷರ ಕಲಿತ. ಹಗಲು ಮಳೆ ಬಿಟ್ಟಾಗ ಗುಡಿಸಲ ಹಿಂದೆ ಬೂದಿ ಹರವಿ ಅದರ ಮೇಲೆ ಬೆರಳಿನಿಂದ ತಿದ್ದುತ್ತಿದ್ದ. ತನ್ನ ಹೆಸರಿನಲ್ಲಿ ಒತ್ತು ಬರೆಯುವುದನ್ನು ಪ್ರತಿಸಲ ಮರೆಯುತ್ತಿದ್ದ. "ಅಲ್ರಿ, ಒತ್ತು ಎಲ್ಲೈತ್ರಿ?" ಎಂದರೆ, "ಅದು ಊರಾಗ ಉಳದೈತಿ, ಊರಿಗಿ ಹೋದ ಮ್ಯಾಲ ಹಾಕತೇನಿ" ಎನ್ನುತ್ತಿದ್ದ. ಎಲ್ಲದಕ್ಕೂ ಅವನಲ್ಲಿ ಇಂಥದೊಂದು ಉತ್ತರ ಇರುತ್ತಿತ್ತು. ಮದುವೆಯಾಗಿ ಎರಡು ವರ್ಷವಾದರೂ, ಮಂದಿ ತುಂಬಿದ ಮನೆಯಲ್ಲಿ ಸಿಗದ ಗಂಡ ನನಗೆ ಆ ಹರಕು ಗುಡಿಸಲಲ್ಲಿ ಸಿಕ್ಕ. ಈ ಮಾತು ಬರೆಯಲು ನನಗೆ ನಾಚಿಕೆಯಿಲ್ಲ, ವಯಸ್ಸು ಎಪ್ಪತ್ತಾಯಿತು.

ನಾನು ಬಸುರಿ. ತವರಿಗೆ ಹೋಗೋಣವೆಂದರೆ ಹುಬ್ಬಳ್ಳಿಯಲ್ಲೂ ಪ್ಲೇಗು, ಅಪ್ಪ ಅವ್ವ ಗಬ್ಬೂರಿನ ಹತ್ತಿರ ಬಯಲಲ್ಲಿ ನಮ್ಮ ಹಾಗೇ ತಟ್ಟಿ ಕಟ್ಟಿಕೊಂಡಿದ್ದರು. ಕಾರ್ತಿಕದಲ್ಲಿ ಪಕ್ಕದ ಹೊಲದ ಗುಡಿಸಲಲ್ಲಿ ಒಬ್ಬಳು ಹಡೆದಳು. ಚಳಿಗಾಳಿ ನಾಲ್ಕೂ ಕಡೆಯಿಂದ ನುಗ್ಗುತ್ತಿತ್ತು. ಕೂಸು ಮೂರು ದಿನ ಬದುಕಿತು, ಬಾಣಂತಿ ಆರು ದಿನ. ನಾನೇ ಆ ಕೂಸಿಗೆ ನೀರು ಹಾಕಲು ಹೋಗಿದ್ದೆ. ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಒಂದು ಮಾತು ಕುಳಿತಿತ್ತು. ನನ್ನ ಕೂಸು ನಮ್ಮ ಮನೆಯ ನಡುಮನೆಯಲ್ಲಿ ಹುಟ್ಟಬೇಕು. ಗೋಡೆ ಬೇಕು, ಬಾಗಿಲು ಬೇಕು.

ಈರಪ್ಪನಿಗೆ ಗಂಟುಬಿದ್ದೆ. ಅವನು ಅಣ್ಣನಿಗೆ ಗಂಟುಬಿದ್ದ. ರುದ್ರಪ್ಪ ಭಾವ ಗೌಡರ ಗುಡಿಸಲಿಗೆ ದಿನಾ ಎಡತಾಕಿದ. ಬಹಳ ಮಂದಿ ಮಾಘ ಮುಗಿಯಲಿ ಎನ್ನುತ್ತಿದ್ದರು. ಆದರೆ ತಿಂಗಳೊಪ್ಪತ್ತಿನಿಂದ ಯಾರಿಗೂ ಜ್ವರ ಬಂದಿರಲಿಲ್ಲ, ತಂದಿದ್ದ ಜೋಳವೂ ಎಲ್ಲರ ಗುಡಿಸಲಲ್ಲಿ ತಳ ಕಂಡಿತ್ತು. ಸಂಕ್ರಾಂತಿಯ ನಂತರದ ಸೋಮವಾರ ಊರಿಗೆ ಮರಳೋಣವೆಂದು ಗೌಡರು ಕಡೆಗೂ ಒಪ್ಪಿದರು. ಕೇಳಿ ನಾನು ಖುಷಿಯಿಂದ ಅತ್ತುಬಿಟ್ಟೆ. ಮಂದಿ ಏನೆಂದಾರೆಂಬ ಪರಿವೆಯೂ ಇರಲಿಲ್ಲ.

ಬಿಟ್ಟುಹೋದ ಊರಿಗೆ ಮರಳುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು. ಮೊದಲು ದನ, ಆಮೇಲೆ ಮಂದಿ. ದ್ಯಾಮವ್ವನ ಗುಡಿಯಲ್ಲಿ ದೀಪ ಹಚ್ಚಬೇಕು. ಅದರಿಂದ ಪ್ರತಿ ಮನೆಯವರೂ ತಮ್ಮ ದೀಪ ಹಚ್ಚಿಕೊಂಡು ಹೋಗಿ ಒಲೆ ಹೊತ್ತಿಸಬೇಕು. ಅಂದು ಕಡ ತಂದ ಕಾಳು ಬೇಯಿಸಬಾರದು, ಸ್ವಂತ ಹಗೇವಿನ ಜೋಳವನ್ನೇ ಬೀಸಿ ದೇವಿಗೆ ಎಡೆ ಕೊಡಬೇಕು. ಮರುದಿನ ಹೊತ್ತು ಹುಟ್ಟುವ ತನಕ ಊರಲ್ಲಿ ಯಾವ ದೀಪವೂ ತಾನಾಗಿ ಆರಬಾರದು. ಆರಿದರೆ ಆ ಮನೆ ಇನ್ನೂ ಒಲಿದಿಲ್ಲ ಎಂದು ಅರ್ಥ. ಆ ಮನೆಯವರು ಇನ್ನೊಂದು ತಿಂಗಳು ಹೊಲಕ್ಕೆ ಹೋಗಬೇಕು.

ಆ ಸೋಮವಾರ ಬೆಳಿಗ್ಗೆ ಊರು ಹೊಕ್ಕೆವು. ಐದು ತಿಂಗಳಲ್ಲಿ ಊರು ಹಾಳೂರಿನ ಹಾಗೆ ಆಗಿತ್ತು. ಮಾಳಿಗೆಗಳ ಮೇಲೆ ಮೊಣಕಾಲು ಮಟ್ಟ ಹುಲ್ಲು. ನಮ್ಮ ಪಡಸಾಲೆಯಲ್ಲಿ ಗೆದ್ದಲು ಕಂಬವನ್ನು ಅರ್ಧ ತಿಂದಿತ್ತು. ಬೀಸುಕಲ್ಲಿನ ಮೇಲೆ ಗುಬ್ಬಿ ಗೂಡು ಕಟ್ಟಿತ್ತು. ಇಷ್ಟಾದರೂ ನನಗೆ ಅರಮನೆಗೆ ಬಂದಂತೆ. ನಡುಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತೆ. ತಣ್ಣಗಿತ್ತು, ಗಟ್ಟಿಯಾಗಿತ್ತು. ಹೊಟ್ಟೆಯಲ್ಲಿ ಕೂಸು ಒದೆಯಿತು.

ಗುಡಿಯಿಂದ ಕಂದೀಲು ಹಚ್ಚಿಕೊಂಡು ಬಂದವಳು ನಾನೇ. ಅತ್ತೆ ಒಳಗೆ ಒಲೆ ಸಾರಿಸುತ್ತಿದ್ದಳು. ಅಷ್ಟರಲ್ಲಿ ಈರಪ್ಪ, ರುದ್ರಪ್ಪ ಸೇರಿ ಹಗೇವಿನ ಬಾಯಿಯ ಮಣ್ಣು ಕೆದರಿ ಕಲ್ಲು ಸರಿಸಿದ್ದರು. ಮಣ್ಣು ಕುಸಿದಿತ್ತು, ನೀರು ಒಳಗೆ ಇಳಿದದ್ದು ಕಣ್ಣಿಗೆ ಕಾಣುತ್ತಿತ್ತು. ಬೇರೆ ದಿನವಾದರೆ ಹಗೇವು ತೆರೆದು ಒಂದು ಹಗಲು ಹಾಗೇ ಬಿಟ್ಟು, ಕಂದೀಲಿಗೆ ಹಗ್ಗ ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಒಳಗೆ ಕೆಟ್ಟ ಗಾಳಿ. ಆದರೆ ಅಂದು ಊರಿನ ಎಡೆ ಮಧ್ಯಾಹ್ನದೊಳಗೆ ಆಗಬೇಕಿತ್ತು. ರುದ್ರಪ್ಪ ಬುಟ್ಟಿ ತರಲು ಹಿತ್ತಲಿಗೆ ಹೋದ. ಈರಪ್ಪ ನನ್ನ ಕೈಯ ಕಂದೀಲು ನೋಡಿ ಕೈ ಚಾಚಿದ.

"ತಾ ಇಲ್ಲೆ. ಇಳಿಸಿ ನೋಡೂಣು."

ನಾನು ಕಂದೀಲನ್ನು ಬೆನ್ನ ಹಿಂದೆ ಹಿಡಿದೆ.

"ಬ್ಯಾಡ್ರಿ. ಆರಿದ್ರ?"

"ಆರಿದ್ರ ಇಳಿಯೂದಿಲ್ಲ, ಅಷ್ಟ."

"ನೀವು ಇಳಿಯೂದಿಲ್ಲ ಖರೇ. ನಮ್ಮನ್ನ ಮತ್ತ ಹೊಲಕ್ಕ ಕಳಸ್ತಾರ. ನಾ ಆ ಗುಡಿಸಲಾಗ ಹಡಿಯೂದಿಲ್ಲ, ಸತ್ರೂ ಹಡಿಯೂದಿಲ್ಲ."

ಅವನು ನನ್ನ ಮುಖ ನೋಡಿದ. ನಾನು ಅಳುವ ಅಂಚಿನಲ್ಲಿದ್ದೆ. "ಸಾಲಿ ಕಲ್ತಾಕಿ ನೀ, ನೀನೂ ಹಿಂಗ ಅಂದ್ರ ಹೆಂಗ?" ಎಂದು ನಕ್ಕ. ಬಗ್ಗಿ ಒಮ್ಮೆ ಮೂಗಿನಿಂದ ಗಾಳಿ ಎಳೆದು ನೋಡಿದ. "ಹುಳಿ ವಾಸನಿ ಐತಿ. ಏನಾಗೂದಿಲ್ಲ ಬಿಡು, ಒಂದ ಬುಟ್ಟಿ ತುಂಬಿ ಬಂದಬಿಡತೇನಿ." ಧೋತರ ಕಟ್ಟಿ ಇಳಿದ.

ಒಳಗಿನಿಂದ ಒಂದು ಮಾತೂ ಬರಲಿಲ್ಲ. ಜೋಳದ ರಾಶಿ ಜಾರಿದ ಸಪ್ಪಳ ಬಂತು, ಅಷ್ಟೇ. ನಾನು "ಏನ್ರಿ" ಎಂದೆ. ಮತ್ತೆ "ಏನ್ರಿ" ಎಂದೆ. ಆಗಲೂ ಹೆಸರು ಹಿಡಿದು ಕೂಗಲಿಲ್ಲ.

ನನ್ನ ಚೀರಾಟಕ್ಕೆ ರುದ್ರಪ್ಪ ಬುಟ್ಟಿ ಬಿಸಾಡಿ ಓಡಿಬಂದ. ಒಂದು ಕಾಲು ಹಗೇವಿಗೆ ಇಟ್ಟೇಬಿಟ್ಟ. ಅತ್ತೆ ಒಳಗಿನಿಂದ ಬಂದವಳು ನೋಡಿದ ಕ್ಷಣವೇ ಎಲ್ಲ ತಿಳಿದುಕೊಂಡಳು. ಕೆಳಗೆ ಬಿದ್ದು ದೊಡ್ಡ ಮಗನ ಇನ್ನೊಂದು ಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು.

"ಬಿಡವ್ವಾ! ನನ್ನ ತಮ್ಮ ಅದಾನ ಒಳಗ!"

"ಒಬ್ಬ ಹೋದ. ನಿನ್ನ ಬಿಡೂದಿಲ್ಲ."

ಹಡೆದ ತಾಯಿ ಆ ಮಾತು ಆಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವಳು ಹಿಡಿದಿರದಿದ್ದರೆ ಆ ಮನೆಯಲ್ಲಿ ಅಂದು ಎರಡು ಹೆಣ ಬೀಳುತ್ತಿದ್ದವು. ಓಣಿಯವರು ಸೇರಿದರು. ಕಂಬಳಿ ಬೀಸಿ ಗಾಳಿ ಹಾಕಿದರು. ಬಾವಿಯಲ್ಲಿ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು ಕೊಕ್ಕೆಯನ್ನು ಧೋತರಕ್ಕೆ ಸಿಕ್ಕಿಸಿ ಎಳೆದರು. ಮೇಲೆ ಬಂದಾಗ ಅವನ ಮೀಸೆಯಲ್ಲಿ, ರೆಪ್ಪೆಯಲ್ಲಿ ಜೋಳದ ಕಾಳು ಅಂಟಿದ್ದವು. ಮೈ ಇನ್ನೂ ಬೆಚ್ಚಗಿತ್ತು. ಉಸಿರು ಇರಲಿಲ್ಲ.

ಅಳುವುದಕ್ಕೂ ಆ ದಿನ ನಮಗೆ ಬಿಡುವು ಸಿಗಲಿಲ್ಲ. ಹೆಣ ಪಡಸಾಲೆಯಲ್ಲಿ ಕೂಡಿಸಿರುವಾಗಲೇ ಹೊರಗೆ ಗದ್ದಲ ಎದ್ದಿತು. ದ್ಯಾಮವ್ವ ಒಲ್ಲೆ ಎಂದಿದ್ದಾಳೆ, ಬಂದ ದಿನವೇ ಒಂದು ಜೀವ ತೆಗೆದುಕೊಂಡಿದ್ದಾಳೆ, ಇನ್ನು ಇಲ್ಲಿ ನಿಂತರೆ ಮನೆಗೊಂದು ಹೆಣ. ಕೆಲವರು ಆಗಲೇ ಎತ್ತು ಹೂಡತೊಡಗಿದ್ದರು. ಊರು ಇನ್ನೊಮ್ಮೆ ಖಾಲಿಯಾಗುವುದರಲ್ಲಿತ್ತು, ಈ ಸಲ ಹೋದವರು ಬರುತ್ತಿದ್ದರೋ ಇಲ್ಲವೋ. ಗೌಡರು ನಮ್ಮ ಕಟ್ಟೆಯ ಮುಂದೆ ನಿಂತು ರುದ್ರಪ್ಪನನ್ನು ಕೇಳಿದರು.

"ದೀಪಾ ಇಳಿಸಿ ನೋಡಲಿಲ್ಲೇನೋ?"

"ನಾ ಹಿತ್ತಲದಾಗ ಇದ್ನಿರಿ. ನನಗ ಗೊತ್ತಿಲ್ಲ."

ಎಲ್ಲರ ಕಣ್ಣು ನನ್ನ ಮೇಲೆ ತಿರುಗಿದವು. ಕಂದೀಲು ಇನ್ನೂ ನನ್ನ ಪಕ್ಕದಲ್ಲೇ ಉರಿಯುತ್ತಿತ್ತು. ನಾನು ಬಾಯಿ ತೆರೆದೆ. ಹೇಳುತ್ತಿದ್ದೆ, ಖಂಡಿತ ಹೇಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ಎದ್ದು ನಿಂತಳು. ಒಲೆಯ ಹತ್ತಿರವಿದ್ದ ಅವಳಿಗೆ ನಮ್ಮ ಮಾತು ಅಷ್ಟೂ ಕೇಳಿಸಿತ್ತೆಂದು ನನಗೆ ಆಗ ತಿಳಿಯಿತು.

"ನಾನ ಬ್ಯಾಡಂದೆರಿ ಗೌಡ್ರ. ಅಂವ ದೀಪಾ ಕೇಳಿದ. ಆರಿದ್ರ ಮನಿ ಬಿಡಬೇಕಾಕ್ಕೈತಿ, ಹಂಗ ಇಳಿ ಅಂತ ಒಳಗಿಂದ ನಾನ ಅಂದೆ. ದ್ಯಾಮವ್ವಂದೇನೂ ತಪ್ಪಿಲ್ಲ. ತಪ್ಪು ನಂದು. ನೀವ್ಯಾರೂ ಊರು ಬಿಡಬ್ಯಾಡ್ರಿ."

ಗದ್ದಲ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಒಬ್ಬೊಬ್ಬರೇ ಎತ್ತುಗಳ ನೊಗ ಬಿಚ್ಚಿದರು. ದೇವಿ ಮುನಿದಿಲ್ಲ, ಮುದುಕಿಯ ಬುದ್ಧಿ ಕೆಟ್ಟಿತು ಎಂದರೆ ಊರಿಗೆ ಸಮಾಧಾನ. ಅದರ ಮೇಲೆ ಆ ಊರು ಮತ್ತೆ ನೆಲೆ ನಿಂತಿತು. ಸಂಜೆಗೆ ಈರಪ್ಪನನ್ನು ಮಣ್ಣಿಗೆ ಇಟ್ಟು ಬಂದರು.

ಮಾಳಿಗೆಯ ಹುಲ್ಲು ಕಿತ್ತರು, ಗೋಡೆಗೆ ಸುಣ್ಣ ಬಳಿದರು. ಹೋಳಿ ಹುಣ್ಣಿಮೆಯ ಹೊತ್ತಿಗೆ ಬೀಸುಕಲ್ಲಿನ ಹಾಡು ಓಣಿಯಲ್ಲಿ ಮೊದಲಿನ ಹಾಗೇ ಕೇಳಿಬರುತ್ತಿತ್ತು. ಯುಗಾದಿಗೆ ನಾಲ್ಕು ದಿನ ಮೊದಲು ನಾನು ನಡುಮನೆಯಲ್ಲಿ ಹೆಣ್ಣುಕೂಸು ಹಡೆದೆ. ನನಗೆ ಬೇಕಾಗಿದ್ದ ಗೋಡೆ ನಾಲ್ಕೂ ಇದ್ದವು. ಹೆರಿಗೆ ಮಾಡಿಸಿದವಳು ಅತ್ತೆಯೇ. ಹೆಸರಿಡುವ ದಿನ ಬಂದ ಹೆಂಗಸರು ಅವಳಿಗೆ ತೊಟ್ಟಿಲು ಮುಟ್ಟಗೊಡಲಿಲ್ಲ. "ಮಗನ್ನ ಹಗೇವಿಗಿ ಇಳಿಸಿದ ಕೈ, ಕೂಸಿಗಿ ಬ್ಯಾಡ" ಎಂದು ಒಬ್ಬಳು ಮೆಲ್ಲಗೆ ಎಂದಳು. ಮೆಲ್ಲಗೆ ಎಂದರೂ ಎಲ್ಲರಿಗೂ ಕೇಳಿಸಿತು. ಅತ್ತೆ ಹಿತ್ತಲಿಗೆ ಹೋಗಿ ಸಗಣಿ ತಟ್ಟುತ್ತ ಕುಳಿತಳು. ನಾನು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನಿದ್ದೆ.

ಆಮೇಲೆ ಇದು ದಿನದ ಮಾತಾಯಿತು. ಯಾರೂ ಅವಳ ಕೈಯಿಂದ ಅರಿಷಿಣ ಕುಂಕುಮ ಹಚ್ಚಿಸಿಕೊಳ್ಳಲಿಲ್ಲ. ಅದಕ್ಕೆ ವಿಧವೆ ಎಂಬ ಕಾರಣ ಮೊದಲೇ ಇತ್ತು. ಆದರೆ ಬಿತ್ತಿಗೆಯ ಮೊದಲ ಮುಷ್ಟಿ ಕಾಳನ್ನು ಕೇಳಿ ಇಸಿದುಕೊಂಡು ಹೋಗುತ್ತಿದ್ದ ನೆರೆಯವರೂ ಆ ವರ್ಷ ಬರಲಿಲ್ಲ. ಕಲ್ಲವ್ವನ ಕೈಗುಣ ಊರಿಗೇ ಹೆಸರಾಗಿತ್ತು. ಸ್ವಂತ ಮಗ ರುದ್ರಪ್ಪ ಕೂಡ ಅವಳ ಎದುರು ಕುಳಿತು ಉಣ್ಣುವುದನ್ನು ಬಿಟ್ಟ.

ಒಂದು ದಿನ ಇಬ್ಬರೇ ಜೋಳ ಹಸನು ಮಾಡುತ್ತಿದ್ದಾಗ ನಾನು ಅವಳ ಕಾಲು ಹಿಡಿದೆ.

"ಅತ್ತೀ, ನಾ ಇವತ್ತ ಗೌಡ್ರ ಮನಿಗಿ ಹೋಗಿ ಖರೇ ಮಾತು ಹೇಳಿ ಬರತೇನ್ರಿ. ನನ್ನ ಕೈಲೆ ತಡಕೊಳ್ಳೂದು ಆಗವಲ್ದು."

ಅವಳು ಮೊರ ಕೆಳಗಿಡಲಿಲ್ಲ. "ಹೇಳಿದ್ರ ಏನಾಕ್ಕೈತಿ ಗೊತ್ತೈತೇನು? ಈಗ ನನಗ ಮಗನ್ನ ಕೊಂದಾಕಿ ಅಂತಾರ. ಅನ್ಲಿ, ನಾ ಹಡದಾಕಿ, ನನ್ನ ಮನಿಯಿಂದ ಯಾರೂ ಹೊರಗ ಹಾಕೂದಿಲ್ಲ. ನೀ ಹೇಳಿದ್ರ ನಿನಗ ಗಂಡನ್ನ ತಿಂದಾಕಿ ಅಂತಾರ. ನಿನ್ನ ನಿಲ್ಲಗೊಡೂದಿಲ್ಲ. ನಿನ್ನ ಕೂಸಿನ್ನ ಮುಂದ ಯಾರೂ ಮಾಡಿಕೊಳ್ಳೂದಿಲ್ಲ."

"ಆದ್ರ ತಪ್ಪು ನಂದ ಅಲ್ಲೇನ್ರಿ?"

"ಹೌದು, ನಿಂದ" ಎಂದಳು. ತಲೆ ಎತ್ತಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ನಿಂದ ಅಂತ ನನಗ ದಿನಾ ನೆನಪಾಕ್ಕೈತಿ. ನಿನ್ನ ಮುಖ ನೋಡಿದ್ರ ಹೊಟ್ಟ್ಯಾಗ ಬೆಂಕಿ ಬೀಳತೈತಿ. ಆದ್ರ ಈರ್ಯಾಂದು ಅಂತ ಉಳದದ್ದು ಇದೊಂದು ಕೂಸು. ಅದು ಈ ಊರಾಗ ತಲಿ ಎತ್ತಿ ಬಾಳಬೇಕು, ನೀನೂ ಬಾಳಬೇಕು. ಅದಕ್ಕ ಹೊತಗೊಂಡೇನಿ. ಇನ್ನೊಮ್ಮೆ ಈ ಮಾತು ಎತ್ತಬ್ಯಾಡ."

ಎರಡನೆಯ ಸಲ ಹೇಳುವ ರೂಢಿ ಅವಳಿಗೆ ಇರಲಿಲ್ಲವೆಂದು ಆಗಲೇ ಬರೆದೆ. ನಾನು ಮತ್ತೆ ಎತ್ತಲಿಲ್ಲ. ಅವಳ ಆಜ್ಞೆ ಎಂದು ಸುಮ್ಮನಿದ್ದೆನೋ, ನನಗೂ ಅದೇ ಬೇಕಿತ್ತೋ, ಈಗ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಎರಡನೆಯದೇ ಹೆಚ್ಚು.

ಎರಡು ವರ್ಷ ಹಾಗೂ ಹೀಗೂ ಕಳೆದೆ. ಆ ಕಟ್ಟೆಯ ಮುಂದೆ ಹಾಯುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ, ಅವಳು ನನ್ನತ್ತ ನೋಡುವುದು ಅವಳ ಕೈಯಲ್ಲಿ ಆಗುತ್ತಿರಲಿಲ್ಲ. ಅಪ್ಪ ಬಂದು ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಮಾಸ್ತರಿಕೆ ಕಲಿಸುವ ಸಾಲಿ ಇದೆ, ವಿಧವೆಯರನ್ನು ಸೇರಿಸಿಕೊಳ್ಳುತ್ತಾರೆ ಎಂದ. ನಾನು ಹೂಂ ಎನ್ನಲು ಒಂದು ಗಳಿಗೆ ಸಹ ತೆಗೆದುಕೊಳ್ಳಲಿಲ್ಲ. ಕೂಸನ್ನು ಎತ್ತಿಕೊಂಡು ಗಾಡಿ ಹತ್ತಿದೆ. ಅತ್ತೆ ತಡೆಯಲಿಲ್ಲ. ಮೊಮ್ಮಗಳ ಕೆನ್ನೆ ಮುಟ್ಟಿ ಬೆರಳನ್ನು ತನ್ನ ಬಾಯಿಗೆ ಒತ್ತಿಕೊಂಡಳು. ನಾವು ಆ ಊರಿನಲ್ಲಿ ಬಾಳಲೆಂದು ಅವಳು ಹೊತ್ತದ್ದನ್ನು ಹೊತ್ತಿದ್ದಳು, ನಾವು ಬಾಳಲಿಲ್ಲ. ಅವಳು ಮಾತ್ರ ಇನ್ನೂ ಹದಿನಾರು ವರ್ಷ ಅದೇ ಊರಲ್ಲಿ, ಅದೇ ಹೆಸರು ಹೊತ್ತು ಇದ್ದಳು.

ಅವಳು ತೀರಿಕೊಂಡಾಗ ನಾನು ಸಾಲಿಯ ಕೆಲಸದ ಮೇಲೆ ದೂರದ ಹಳ್ಳಿಯಲ್ಲಿದ್ದೆ. ಸುದ್ದಿ ತಿಳಿದು ಬರುವಷ್ಟರಲ್ಲಿ ಮಣ್ಣಾಗಿತ್ತು. ಮನೆಯ ತುಂಬ ಹೊಸ ಮುಖಗಳು. ರುದ್ರಪ್ಪನ ದೊಡ್ಡ ಸೊಸೆ ನನಗೆ ಕಾಲಿಗೆ ನೀರು ಕೊಟ್ಟಳು. ಒಳ್ಳೆಯ ಹುಡುಗಿ, ಕೊನೆಯ ದಿನಗಳಲ್ಲಿ ಅತ್ತೆಯ ಹಾಸಿಗೆ ತೊಳೆದವಳು ಅವಳೇ ಎಂದರು. ಹತ್ತಿರ ಕುಳಿತು ದನಿ ಇಳಿಸಿ ಕೇಳಿದಳು.

"ಸಣ್ಣತ್ತಿ, ಬ್ಯಾಸರ ಮಾಡಿಕೋಬ್ಯಾಡ್ರಿ. ಮಂದಿ ಅಂತಾರಲ್ಲ, ದೀಪಾ ಇಳಿಸೂದು ಬ್ಯಾಡ ಅಂದಾಕಿ ಈ ಅಮ್ಮನಂತ. ಆಕಿನ್ನ ನೋಡಿದ್ರ ನನಗ ಹಂಗ ಅನಸಲಿಲ್ರಿ. ನೀವು ಅಲ್ಲೇ ಇದ್ರೆಲ್ಲಾ. ಖರೇನ್ರಿ ಅದು?"

ಅತ್ತೆ ಇನ್ನಿರಲಿಲ್ಲ. ನನ್ನ ಮಗಳ ಮದುವೆ ಆ ಹಿಂದಿನ ವರ್ಷವೇ ಆಗಿತ್ತು. ನಾನು ಆ ಊರಿಗೆ ಮತ್ತೆ ಬರುವವಳಲ್ಲ. ಹೇಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

"ಹೂಂನವ್ವ, ಖರೇ" ಎಂದೆ.